ಸುದ್ದಿಯೂ ಒಂದು ನೆರವು: ಜಿನೀವಾದ ಶೋಧ ಏಜೆನ್ಸಿಯ ಒಂದೂವರೆ ಶತಮಾನ

ಯುದ್ಧ ಮತ್ತು ಪ್ರಕೃತಿವಿಕೋಪಗಳಲ್ಲಿ ನೆರವಿಗೆ ನಿಲ್ಲುವ ಸಂಸ್ಥೆಗಳ ಇತಿಹಾಸವನ್ನು ಬರೆಯುವವರು ಬಹುಮಟ್ಟಿಗೆ ಔಷಧ, ಧಾನ್ಯ, ಡೇರೆ, ಕಂಬಳಿಗಳ ಲೆಕ್ಕವನ್ನೇ ಮುಂದಿಡುತ್ತಾರೆ. ಆ ಸಂಸ್ಥೆಯೊಳಗೆ ಸುದ್ದಿ ಹೇಗೆ ಬರುತ್ತಿತ್ತು, ಯಾರ ಕೈ ಸೇರುತ್ತಿತ್ತು, ಎಲ್ಲಿ ದಾಖಲಾಗುತ್ತಿತ್ತು, ವರ್ಷಗಳ ನಂತರ ಅದನ್ನು ಹುಡುಕಿ ತೆಗೆಯಲು ಆಗುತ್ತಿತ್ತೇ ಎಂಬ ಪ್ರಶ್ನೆಗಳು ಕಚೇರಿಯ ಒಳಾಡಳಿತಕ್ಕೆ ಸೇರಿದವೆಂದು ಬದಿಗೆ ಸರಿಯುತ್ತವೆ. ಜಿನೀವಾ ನಗರದಲ್ಲಿ 1863ರಲ್ಲಿ ಹುಟ್ಟಿದ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ವಿಷಯದಲ್ಲಿ ಹಾಗೆ ಬದಿಗಿಡಲು ಬರುವುದಿಲ್ಲ, ಏಕೆಂದರೆ ದಾಖಲೆ ಇಡುವ ಕೆಲಸವೇ ಅಲ್ಲಿ ಪ್ರಧಾನ ಸೇವೆಗಳಲ್ಲೊಂದಾಗಿ ಬೆಳೆಯಿತು. ಸೆರೆ ಸಿಕ್ಕವನು ಬದುಕಿದ್ದಾನೆ ಎಂಬ ಒಂದು ಸಾಲಿನ ಸುದ್ದಿ ಅವನ ಮನೆ ಮುಟ್ಟುವುದು ಗಾಯಕ್ಕೆ ಕಟ್ಟುವ ಪಟ್ಟಿಯಷ್ಟೇ ಅಗತ್ಯವಾದ ನೆರವು ಎಂಬ ತಿಳಿವಳಿಕೆ ಆ ಸಂಸ್ಥೆಯಲ್ಲಿ ಯುದ್ಧದಿಂದ ಯುದ್ಧಕ್ಕೆ ಗಟ್ಟಿಯಾಯಿತು. ಆ ತಿಳಿವಳಿಕೆ ಒಂದು ಕಚೇರಿಯಾಗಿ ರೂಪುಗೊಂಡ ಬಗೆಯನ್ನೂ, ತಿಳಿದದ್ದನ್ನು ಹಂಚುವುದು ಮತ್ತು ತಿಳಿದದ್ದನ್ನು ಕಾಯುವುದು ಎಂಬ ಎರಡು ಕರ್ತವ್ಯಗಳ ನಡುವೆ ಆ ಕಚೇರಿ ಎದುರಿಸಿದ ಇಕ್ಕಟ್ಟುಗಳನ್ನೂ ಇಲ್ಲಿ ಗುರುತಿಸಲಾಗಿದೆ.

ಈ ಸೇವೆಯ ಬೀಜ ಸಂಸ್ಥೆ ಹುಟ್ಟುವ ಮೊದಲೇ ಬಿದ್ದಿತ್ತು. 1859ರ ಜೂನ್ 24ರಂದು ಉತ್ತರ ಇಟಲಿಯ ಸೋಲ್ಫೆರಿನೊದಲ್ಲಿ ನಡೆದ ಕದನದ ನಂತರ ಕಾಸ್ತಿಲಿಯೋನೆ ಊರಿನ ಚರ್ಚುಗಳಲ್ಲಿ ಮಲಗಿಸಿದ್ದ ಗಾಯಾಳುಗಳ ಆರೈಕೆಗೆ ನಿಂತ ಜಿನೀವಾದ ವ್ಯಾಪಾರಿ ಹೆನ್ರಿ ಡ್ಯುನಾಂಟ್, 1862ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ತನ್ನ ಪುಸ್ತಕದಲ್ಲಿ ಇಪ್ಪತ್ತರ ಹರೆಯದ ಒಬ್ಬ ಫ್ರೆಂಚ್ ಕಾರ್ಪೊರಲ್‌ನ ಪ್ರಸಂಗವನ್ನು ದಾಖಲಿಸಿದ್ದಾನೆ. ಸಾಯುವ ಸ್ಥಿತಿಯಲ್ಲಿದ್ದ ಆ ಯುವಕ ಕೇಳಿದ್ದು ಲಿಯಾನ್ ನಗರದಲ್ಲಿದ್ದ ತನ್ನ ತಂದೆಗೆ ಸುದ್ದಿ ಮುಟ್ಟಿಸಬೇಕೆಂಬುದನ್ನು. ಒಬ್ಬನೇ ಮಗನನ್ನು ಕಳೆದುಕೊಂಡ ಆ ತಂದೆತಾಯಿಗೆ ಅವನ ಬಗ್ಗೆ ಸಿಕ್ಕ ಸುದ್ದಿ ಡ್ಯುನಾಂಟ್ ತಲುಪಿಸಿದ್ದು ಮಾತ್ರ. ಆ ಪುಸ್ತಕದಿಂದ ಓದುಗರು ಮುಖ್ಯವಾಗಿ ಸ್ವಯಂಸೇವಕ ದಾದಿಯರ ಸಂಘಟನೆಯ ಸಲಹೆಯನ್ನು ಎತ್ತಿಕೊಂಡರು. ಸುದ್ದಿ ಮುಟ್ಟಿಸುವ ಈ ಪ್ರಸಂಗ ಆಗ ಅಷ್ಟಾಗಿ ಗಮನ ಸೆಳೆಯದಿದ್ದರೂ ಮುಂದಿನ ಅರ್ಧ ಶತಮಾನದಲ್ಲಿ ಅದೇ ಒಂದು ವ್ಯವಸ್ಥೆಯ ತಿರುಳಾಯಿತು.

1863ರ ಫೆಬ್ರವರಿ 17ರಂದು ಮೊದಲ ಸಭೆ ನಡೆಸಿದ ಐವರಲ್ಲಿ, ಅಂದರೆ ಡ್ಯುನಾಂಟ್, ವಕೀಲ ಗುಸ್ತಾವ್ ಮೊಯ್ನಿಯೇ, ಜನರಲ್ ದ್ಯುಫೂರ್, ವೈದ್ಯರಾದ ಲೂಯಿ ಅಪ್ಪಿಯಾ ಮತ್ತು ತಿಯೊಡೋರ್ ಮೊನ್ವಾರ್ ಅವರಲ್ಲಿ, ಪತ್ರವ್ಯವಹಾರದ ಶಿಸ್ತನ್ನು ಸಂಸ್ಥೆಗೆ ಕೊಟ್ಟವನು ಮೊಯ್ನಿಯೇ. ಸಮಿತಿಗೆ ಸೇನೆಯಿರಲಿಲ್ಲ, ದೇಶದೇಶಗಳಲ್ಲಿ ಶಾಖೆಗಳೂ ಇರಲಿಲ್ಲ; ಪ್ರತಿಯೊಂದು ದೇಶವೂ ತನ್ನದೇ ರಾಷ್ಟ್ರೀಯ ನೆರವು ಸಂಘವನ್ನು ಕಟ್ಟಿಕೊಳ್ಳುವುದು, ಜಿನೀವಾದ ಸಮಿತಿ ಅವುಗಳ ನಡುವಿನ ಕೊಂಡಿಯಾಗಿರುವುದು ಎಂಬುದು ಒಪ್ಪಿತವಾದ ವ್ಯವಸ್ಥೆಯಾಗಿತ್ತು. ಕೊಂಡಿಯಾಗಿ ನಿಲ್ಲಲು ಸಮಿತಿಯ ಬಳಿ ಇದ್ದ ಸಾಧನ ಕಾಗದವೊಂದೇ. 1869ರಲ್ಲಿ ಬರ್ಲಿನ್‌ನಲ್ಲಿ ಸೇರಿದ ರಾಷ್ಟ್ರೀಯ ಸಂಘಗಳ ಸಮ್ಮೇಳನದ ತೀರ್ಮಾನದಂತೆ ಅದೇ ವರ್ಷದ ಅಕ್ಟೋಬರಿನಲ್ಲಿ ಒಂದು ಅಂತಾರಾಷ್ಟ್ರೀಯ ಬುಲೆಟಿನ್ ಹೊರಬಂದಿತು. ಒಂದು ದೇಶದ ಸಂಘ ಗಾಯಾಳುಗಳನ್ನು ಸಾಗಿಸಲು ಕಂಡುಕೊಂಡ ಹೊಸ ಡೋಲಿಯಾಗಲಿ, ಆಸ್ಪತ್ರೆ ರೈಲಾಗಲಿ, ದಾದಿಯರ ತರಬೇತಿಯ ಕ್ರಮವಾಗಲಿ ಮತ್ತೊಂದು ದೇಶದ ಸಂಘಕ್ಕೆ ತಿಳಿಯುತ್ತಿದ್ದುದು ಆ ಪತ್ರಿಕೆಯ ಮೂಲಕ. ಇಂದಿಗೂ ನಡೆದುಕೊಂಡು ಬಂದಿರುವ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ರಿವ್ಯೂ ಆ ಬುಲೆಟಿನ್‌ನ ಮುಂದುವರಿಕೆಯೇ ಆಗಿದೆ. ಅನುಭವವನ್ನು ಬರೆದಿಟ್ಟು ಪರಸ್ಪರ ಹಂಚಿಕೊಳ್ಳುವುದು ಸಂಘಗಳ ಕರ್ತವ್ಯ ಎಂಬ ಭಾವನೆ ಇಷ್ಟು ಬೇಗ ಬೇರೂರಿದ್ದು ಆ ಕಾಲಕ್ಕೆ ಅಪರೂಪದ ಸಂಗತಿ, ಮತ್ತು ಅದರ ಬಹುಪಾಲು ಶ್ರೇಯಸ್ಸು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಧ್ಯಕ್ಷನಾಗಿದ್ದ ಮೊಯ್ನಿಯೇಗೆ ಸಲ್ಲಬೇಕು. ಡ್ಯುನಾಂಟ್‌ನ ಹೆಸರಿನ ಪ್ರಭೆಯಲ್ಲಿ ಅವನ ಈ ಶ್ರಮ ಮಸುಕಾಗಿರುವುದು ನ್ಯಾಯವಲ್ಲ.

ಬರ್ಲಿನ್ ಸಮ್ಮೇಳನದ ಮತ್ತೊಂದು ತೀರ್ಮಾನ, ಯುದ್ಧ ಬಂದಾಗ ಸೂಕ್ತ ಸ್ಥಳವೊಂದರಲ್ಲಿ ಸುದ್ದಿ ಮತ್ತು ನೆರವಿನ ಏಜೆನ್ಸಿಯನ್ನು ತೆರೆಯಬೇಕೆಂಬುದು, ಮರುವರ್ಷವೇ ಪರೀಕ್ಷೆಗೆ ಒಳಗಾಯಿತು. 1870ರ ಜುಲೈನಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಆರಂಭವಾದಾಗ ಎರಡೂ ಗಡಿಗಳಿಗೆ ಹತ್ತಿರವಾದ ಬಾಸೆಲ್ ನಗರದಲ್ಲಿ ಏಜೆನ್ಸಿ ಕಾರ್ಯಾರಂಭ ಮಾಡಿತು. ಎದುರಾಳಿಯ ವಶದಲ್ಲಿದ್ದ ಗಾಯಾಳುಗಳ ಹೆಸರಿನ ಪಟ್ಟಿಯನ್ನು ಎರಡೂ ಪಕ್ಷಗಳಿಂದ ತರಿಸಿಕೊಳ್ಳುವುದು, ಅದನ್ನು ಆಚೆ ಬದಿಗೆ ರವಾನಿಸುವುದು, ಕುಟುಂಬಗಳ ಪತ್ರಗಳನ್ನು ಸಾಗಿಸುವುದು ಅದರ ಕೆಲಸವಾಯಿತು. ಗಾಯಗೊಳ್ಳದ ಕೈದಿಗಳು ರೆಡ್‌ಕ್ರಾಸ್‌ನ ಕಾರ್ಯವ್ಯಾಪ್ತಿಗೆ ಸೇರುತ್ತಾರೆಯೇ ಎಂಬ ಸಂದೇಹವಿದ್ದುದರಿಂದ ಅವರಿಗಾಗಿ ಹಸಿರು ಶಿಲುಬೆಯ ಗುರುತಿನ ಪ್ರತ್ಯೇಕ ಸಮಿತಿಯೊಂದನ್ನು ಅದೇ ನಗರದಲ್ಲಿ ರಚಿಸಬೇಕಾಯಿತು. ರಷ್ಯಾ ಮತ್ತು ತುರ್ಕಿಗಳ ಯುದ್ಧಕ್ಕಾಗಿ 1877ರಲ್ಲಿ ಟ್ರಿಯೆಸ್ಟ್‌ನಲ್ಲಿಯೂ ಬಾಲ್ಕನ್ ಯುದ್ಧಗಳ ಹೊತ್ತಿಗೆ 1912ರಲ್ಲಿ ಬೆಲ್‌ಗ್ರೇಡ್‌ನಲ್ಲಿಯೂ ಇಂಥ ಏಜೆನ್ಸಿಗಳು ನಡೆದವು. 1907ರ ಹೇಗ್ ನಿಯಮಾವಳಿ ಯುದ್ಧನಿರತ ದೇಶಗಳಿಗೆ ಕೈದಿಗಳ ಮಾಹಿತಿ ಕಚೇರಿಯನ್ನು ಕಡ್ಡಾಯಗೊಳಿಸಿ, ಕೈದಿಗಳ ಅಂಚೆಗೆ ಶುಲ್ಕ ವಿನಾಯಿತಿ ನೀಡಿತು. ಶುಲ್ಕವಿಲ್ಲದ ಅಂಚೆ ಎಂಬ ಈ ಸಣ್ಣ ಕಲಮು ಇಲ್ಲದಿದ್ದರೆ ಮುಂದೆ ಜಿನೀವಾದಲ್ಲಿ ನಡೆದ ಕೆಲಸದ ವೆಚ್ಚವನ್ನು ಯಾವ ದಾನಿಯಿಂದಲೂ ಭರಿಸಲಾಗುತ್ತಿರಲಿಲ್ಲ.

1914ರ ಆಗಸ್ಟ್ 21ರಂದು ಸ್ಥಾಪನೆಯಾದ ಅಂತಾರಾಷ್ಟ್ರೀಯ ಯುದ್ಧಕೈದಿಗಳ ಏಜೆನ್ಸಿ ಈ ಇತಿಹಾಸದ ಕೇಂದ್ರಸ್ಥಾನದಲ್ಲಿದೆ. ಸಮಿತಿ ಆಗ ಕೆಲವೇ ಸದಸ್ಯರ ಒಂದು ಚಿಕ್ಕ ಗುಂಪು. ಅಧ್ಯಕ್ಷನಾಗಿದ್ದವನು ಗುಸ್ತಾವ್ ಆಡೋರ್. ಮೊದಲ ಮಹಾಯುದ್ಧದ ಆರಂಭದ ವಾರಗಳಲ್ಲಿಯೇ ಕಾಣೆಯಾದ ಸೈನಿಕರನ್ನು ವಿಚಾರಿಸುವ ಪತ್ರಗಳು ದಿನಕ್ಕೆ ಸಾವಿರಗಟ್ಟಲೆ ಬರತೊಡಗಿದ್ದರಿಂದ ಸಮಿತಿಯ ಕೊಠಡಿಗಳು ಸಾಲದೆ ನಗರದ ಕಲಾ ವಸ್ತುಸಂಗ್ರಹಾಲಯವಾದ ರಾತ್ ಮ್ಯೂಸಿಯಮ್ಮಿಗೆ ಅಕ್ಟೋಬರಿನಲ್ಲಿ ಸ್ಥಳಾಂತರಗೊಳ್ಳಬೇಕಾಯಿತು, ಮತ್ತು ವರ್ಷಾಂತ್ಯದ ಹೊತ್ತಿಗೆ ಸ್ವಯಂಸೇವಕರ ಸಂಖ್ಯೆ 1,200ರ ಆಸುಪಾಸಿಗೆ ಏರಿತು. ಅವರಲ್ಲಿ ಬಹುಪಾಲು ಮಹಿಳೆಯರು. ಚಿತ್ರಗಳನ್ನು ತೂಗುಹಾಕಿದ್ದ ಗೋಡೆಗಳ ನಡುವೆ ಉದ್ದನೆಯ ಮೇಜುಗಳು, ಮರದ ಪೆಟ್ಟಿಗೆಗಳು ಮತ್ತು ಬೆರಳಚ್ಚು ಯಂತ್ರಗಳು ಬಂದು ಕುಳಿತವು.

ಅಲ್ಲಿನ ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಏಜೆನ್ಸಿಯ ಬುದ್ಧಿವಂತಿಕೆಯೆಲ್ಲ ಆ ಕ್ರಮದಲ್ಲಿಯೇ ಅಡಗಿತ್ತು. ದಪ್ಪ ರಿಜಿಸ್ಟರಿನಲ್ಲಿ ಬಂದ ಪತ್ರಗಳನ್ನು ಸಾಲಾಗಿ ನಮೂದಿಸುತ್ತ ಹೋದರೆ ನಿನ್ನೆ ಬಂದ ಹೆಸರಿನ ಪಕ್ಕಕ್ಕೆ ಇಂದು ಬಂದ ಅದೇ ಹೆಸರನ್ನು ಸೇರಿಸಲು ಆಗುವುದಿಲ್ಲ. ಕಾರ್ಡಾದರೆ ಅದನ್ನು ಎಲ್ಲಿ ಬೇಕಾದರೂ ಸೇರಿಸಬಹುದು, ತೆಗೆಯಬಹುದು, ಹೊಸ ಮಾಹಿತಿ ಬಂದಂತೆ ಅದರ ಮೇಲೆ ಬರೆಯುತ್ತ ಹೋಗಬಹುದು. ಹೀಗಾಗಿ ಒಬ್ಬ ತಾಯಿಯ ಪತ್ರ ಬಂದರೆ ಅದನ್ನು ಒಡೆದು ಓದಿದವರು ಕಾಣೆಯಾದವನ ಕುಟುಂಬದ ಹೆಸರು, ಅವನ ಹೆಸರು, ದರ್ಜೆ, ರೆಜಿಮೆಂಟ್, ಕಂಪನಿ, ಕೊನೆಯದಾಗಿ ಕಂಡ ಸ್ಥಳ ಮತ್ತು ದಿನಾಂಕ, ಕೇಳಿದವರ ವಿಳಾಸ ಇಷ್ಟನ್ನೂ ಒಂದು ಕಾರ್ಡಿಗೆ ಇಳಿಸುತ್ತಿದ್ದರು. ಇದು ವಿಚಾರಣೆಯ ಕಾರ್ಡು. ಎದುರು ಪಕ್ಷದ ಸರ್ಕಾರ ಕಳಿಸಿದ ಕೈದಿಗಳ ಪಟ್ಟಿ ಬಂದಾಗ ಅದರಲ್ಲಿನ ಒಂದೊಂದು ಹೆಸರಿಗೂ ಒಂದೊಂದು ಕಾರ್ಡು ಸಿದ್ಧವಾಗುತ್ತಿತ್ತು. ಇದು ಮಾಹಿತಿಯ ಕಾರ್ಡು. ಅದರ ಮೇಲಿನ ಅಕ್ಷರ ಮತ್ತು ಅಂಕಿಗಳ ಸಂಕೇತ ಆ ಹೆಸರು ಯಾವ ಪಟ್ಟಿಯ ಯಾವ ಪುಟದಲ್ಲಿದೆ ಎಂದು ತೋರಿಸುತ್ತಿತ್ತು, ಆದ್ದರಿಂದ ಯಾರಿಗಾದರೂ ಅನುಮಾನ ಬಂದರೆ ಮೂಲಕ್ಕೇ ಹೋಗಿ ನೋಡಬಹುದಾಗಿತ್ತು. ಎರಡೂ ಬಗೆಯ ಕಾರ್ಡುಗಳು ಆಯಾ ರಾಷ್ಟ್ರದ ಪೆಟ್ಟಿಗೆಯಲ್ಲಿ ಒಂದೇ ಅನುಕ್ರಮದಲ್ಲಿ ಸೇರುತ್ತಿದ್ದವು. ವಿಚಾರಣೆಯ ಕಾರ್ಡು ಮತ್ತು ಮಾಹಿತಿಯ ಕಾರ್ಡು ಒಂದರ ಪಕ್ಕದಲ್ಲೊಂದು ಬಂದು ನಿಂತು ತಾಳೆಯಾದ ದಿನ ಮನೆಗೆ ಉತ್ತರ ಹೊರಡುತ್ತಿತ್ತು, ಮತ್ತು ಉತ್ತರ ಹೋದ ದಿನಾಂಕವೂ ಕಾರ್ಡಿನ ಮೇಲೆ ದಾಖಲಾಗುತ್ತಿತ್ತು.

ಈ ಏರ್ಪಾಡಿನ ಶತ್ರುವೆಂದರೆ ಒಂದೇ ಹೆಸರಿನ ಹಲವರು ಮತ್ತು ಒಂದೇ ಹೆಸರಿನ ಹಲವು ಕಾಗುಣಿತ. ಫ್ರೆಂಚ್ ಪೆಟ್ಟಿಗೆಗಳಲ್ಲಿ ಮಾರ್ತಾಂ ಎಂಬ ಹೆಸರಿನವರೂ ಜರ್ಮನ್ ಪೆಟ್ಟಿಗೆಗಳಲ್ಲಿ ಮ್ಯುಲರ್ ಎಂಬ ಹೆಸರಿನವರೂ ರಾಶಿರಾಶಿಯಾಗಿ ಇದ್ದರು. ಮೇಯರ್ ಎಂಬಂಥ ಹೆಸರನ್ನು ಬರೆಯುವ ಬಗೆ ಹಲವಾಗಿದ್ದರೂ ಕೇಳುವ ಕಿವಿಗೆ ಅದು ಒಂದೇ ಆದ್ದರಿಂದ ಉಚ್ಚಾರಣೆಯನ್ನು ಅನುಸರಿಸಿ ಅಂಥವನ್ನು ಒಟ್ಟಿಗೆ ಇಡಬೇಕಾಗುತ್ತಿತ್ತು. ತಪ್ಪು ತಾಳೆಯ ಪರಿಣಾಮ ಎಷ್ಟು ಘೋರವೆಂಬುದನ್ನು ಊಹಿಸಬಹುದು: ಸತ್ತವನನ್ನು ಬದುಕಿದ್ದಾನೆಂದು ಒಂದು ಮನೆಗೆ, ಬದುಕಿದ್ದವನನ್ನು ಸತ್ತನೆಂದು ಮತ್ತೊಂದು ಮನೆಗೆ ತಿಳಿಸಿದಂತಾಗುತ್ತಿತ್ತು. ಪಟ್ಟಿಗಳಲ್ಲಿ ಎಲ್ಲಿಯೂ ಸಿಗದವರ ವಿಷಯದಲ್ಲಿ ಏಜೆನ್ಸಿ ಇನ್ನೊಂದು ದಾರಿ ಹಿಡಿಯಿತು. ಕಾಣೆಯಾದವರನ್ನು ರೆಜಿಮೆಂಟು ಮತ್ತು ಕಂಪನಿಗಳ ಪ್ರಕಾರ ವಿಂಗಡಿಸಿ, ಅದೇ ಕಂಪನಿಯಿಂದ ಸೆರೆ ಸಿಕ್ಕು ಯಾವುದೋ ಶಿಬಿರದಲ್ಲಿದ್ದ ಸಂಗಡಿಗರಿಗೆ ಪತ್ರ ಬರೆದು, ಅವನನ್ನು ಕೊನೆಯದಾಗಿ ಕಂಡವರು ಯಾರು, ಎಲ್ಲಿ ಎಂದು ವಿಚಾರಿಸಲಾಗುತ್ತಿತ್ತು. ಶಿಬಿರಗಳಲ್ಲಿ ಚದುರಿಹೋಗಿದ್ದ ಸೈನಿಕರ ನೆನಪುಗಳೂ ಹೀಗೆ ದಾಖಲೆಯ ಭಾಗವಾದವು.

ಇನ್ನು ಅಲ್ಲಿ ಕೆಲಸ ಮಾಡಿದವರ ವಿಷಯ. ಫ್ರೆಂಚ್ ಲೇಖಕ ರೊಮೇನ್ ರೋಲಾ 1914ರ ಅಕ್ಟೋಬರಿನಿಂದ ಮರುವರ್ಷದ ಜುಲೈವರೆಗೆ ಇಲ್ಲಿ ಸ್ವಯಂಸೇವಕನಾಗಿದ್ದ, ಮತ್ತು 1915ನೇ ಸಾಲಿನ ನೊಬೆಲ್ ಸಾಹಿತ್ಯ ಪ್ರಶಸ್ತಿಯ ಹಣವನ್ನು ನೆರವು ಕಾರ್ಯಗಳಿಗೆ ಕೊಟ್ಟ. ಅವನು ದುಡಿದದ್ದು ವೈದ್ಯ ಫ್ರೆಡೆರಿಕ್ ಫೆರಿಯೇರ್ ಕಟ್ಟಿದ ನಾಗರಿಕರ ವಿಭಾಗದಲ್ಲಿ. ಆಕ್ರಮಿತ ಪ್ರದೇಶಗಳಲ್ಲಿ ಸಿಕ್ಕಿಬಿದ್ದ ಹೆಂಗಸರು, ಮಕ್ಕಳು, ಒತ್ತೆಯಾಳುಗಳ ಬಗ್ಗೆ ಮಾಹಿತಿ ಕೇಳಲು ಯಾವ ಒಪ್ಪಂದದ ಆಧಾರವೂ ಆಗ ಇರಲಿಲ್ಲ. ಆದರೂ ಪತ್ರಗಳು ಬರುತ್ತಿದ್ದವು, ಅವನ್ನು ಕಸದ ಬುಟ್ಟಿಗೆ ಹಾಕಲು ಫೆರಿಯೇರ್ ಒಪ್ಪಲಿಲ್ಲ. ಏಜೆನ್ಸಿಯ ಮಿತ್ರರಾಷ್ಟ್ರಗಳ ವಿಭಾಗವನ್ನು ನಡೆಸಿದವರಲ್ಲಿ ಒಬ್ಬಳಾದ ರೆನೆ ಮಾರ್ಗರಿತ್ ಕ್ರಾಮರ್ ಕಾನೂನು ಮತ್ತು ಇತಿಹಾಸ ಬಲ್ಲ ಯುವತಿ. 1918ರಲ್ಲಿ ಅವಳು ಸಮಿತಿಯ ಮೊದಲ ಮಹಿಳಾ ಸದಸ್ಯೆಯಾದಳು. ಕಾರ್ಡುಗಳ ಮುಂದೆ ವರ್ಷಗಟ್ಟಲೆ ಕುಳಿತ ಮಹಿಳೆಯರ ಪೈಕಿ ಹೆಸರು ಉಳಿದಿರುವುದು ಕೆಲವರದು ಮಾತ್ರ. ಲಕ್ಷಾಂತರ ಜನರ ಹೆಸರನ್ನು ಕಾಪಾಡಿದ ಅವರಿಗೆ ಸಂಸ್ಥೆಯ ಇತಿಹಾಸದಲ್ಲಿ ಇನ್ನೂ ದೊಡ್ಡ ಸ್ಥಾನ ಸಲ್ಲಬೇಕಾಗಿದೆ.

ಏಜೆನ್ಸಿಯ ಸೇವೆ ಎಲ್ಲರಿಗೂ ಸಮನಾಗಿ ಮುಟ್ಟಲಿಲ್ಲ ಎಂಬುದಕ್ಕೆ ಕನ್ನಡ ನಾಡಿನೊಂದಿಗೆ ನಂಟಿರುವ ಒಂದು ಉದಾಹರಣೆಯಿದೆ. 1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯಾದ ಕುತ್ ಅಲ್ ಅಮಾರಾದಲ್ಲಿ ಶರಣಾದ ಬ್ರಿಟಿಷ್ ಭಾರತದ ಆರನೇ ಡಿವಿಷನ್ನಿನಲ್ಲಿ ಬೆಳಗಾವಿ ಬ್ರಿಗೇಡ್ ಎಂದೇ ಹೆಸರಾಗಿದ್ದ ಹದಿನೆಂಟನೇ ಬ್ರಿಗೇಡು ಇತ್ತು. 110ನೇ ಮರಾಠಾ ಲೈಟ್ ಇನ್‌ಫೆಂಟ್ರಿ ಆ ಬ್ರಿಗೇಡಿಗೆ ಸೇರಿತ್ತು. ಸೆರೆ ಸಿಕ್ಕ ಸುಮಾರು 13,000 ಮಂದಿಯಲ್ಲಿ ಹತ್ತು ಸಾವಿರದಷ್ಟು ಜನ ಭಾರತೀಯ ಸೈನಿಕರು ಮತ್ತು ಸೇನೆಯ ಸೇವಾ ಸಿಬ್ಬಂದಿ. ಮರುಭೂಮಿಯ ನಡಿಗೆಯಲ್ಲಿ, ನಂತರ ರೈಲುಮಾರ್ಗದ ದುಡಿಮೆಯಲ್ಲಿ ಸತ್ತ ಸಾಮಾನ್ಯ ಸೈನಿಕರ ಹೆಸರು ಪಟ್ಟಿಗೆ ಏರುವುದೇ ಕಷ್ಟವಾಗಿತ್ತು. ಭಾರತೀಯ ಸೈನಿಕನನ್ನು ಅವನ ರೆಜಿಮೆಂಟಿನ ಸಂಖ್ಯೆ, ತಂದೆಯ ಹೆಸರು, ಹಳ್ಳಿ ಮತ್ತು ಜಿಲ್ಲೆಗಳಿಂದ ಗುರುತಿಸುವುದು ಇಲ್ಲಿನ ಅಂದಿನ ಸೇನೆಯ ಪದ್ಧತಿಯಾಗಿತ್ತು. ಕುಟುಂಬದ ಹೆಸರನ್ನೇ ಆಧಾರವಾಗಿಟ್ಟುಕೊಂಡ ಯೂರೋಪಿನ ಕಾರ್ಡು ವ್ಯವಸ್ಥೆಗೆ ಆ ಗುರುತು ಸುಲಭವಾಗಿ ಒಗ್ಗುವಂಥದಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಇಡೀ ಏರ್ಪಾಡು ಪತ್ರ ಬರೆದು ಕೇಳುವವರನ್ನು ನೆಚ್ಚಿಕೊಂಡಿತ್ತು. ಅಕ್ಷರ ಬಾರದ ಮನೆಯಿಂದ ಸ್ವಿಟ್ಜರ್ಲೆಂಡಿಗೆ ಪತ್ರ ಹೋಗುವುದು ಎಲ್ಲಿಂದ ಬಂತು? ಕೇಳುವ ದನಿಯಿದ್ದವರಿಗೆ ಉತ್ತರ ಸಿಕ್ಕಿತು. ಕೇಳಲು ದಾರಿಯೇ ಕಾಣದ ಹಳ್ಳಿಗಳು ರೆಜಿಮೆಂಟಿನ ಕಚೇರಿಯಿಂದ ಬರುವ ಸುದ್ದಿಗಾಗಿ ಕಾದು ಕುಳಿತವು.

ಸಮಿತಿಯ ಪ್ರತಿನಿಧಿಗಳು ಈ ನಾಡಿಗೂ ಬಂದಿದ್ದರು. ಶಿಬಿರಗಳಿಗೆ ಹೋಗಿ ಕೈದಿಗಳ ಸ್ಥಿತಿಗತಿಯನ್ನು ನೋಡಿ ವರದಿ ಬರೆಯುವ ಕ್ರಮ 1915ರ ಆರಂಭದಿಂದ ನಡೆದುಬಂದಿತ್ತು. 1917ರಲ್ಲಿ ಮೂವರು ಸ್ವಿಸ್ ಪ್ರತಿನಿಧಿಗಳು ಈಜಿಪ್ಟಿನ ಶಿಬಿರಗಳನ್ನು ನೋಡಿದ ನಂತರ ಭಾರತ ಮತ್ತು ಬರ್ಮಾಗಳಲ್ಲಿ ತುರ್ಕಿ ಕೈದಿಗಳನ್ನೂ ಜರ್ಮನ್ ಮತ್ತು ಆಸ್ಟ್ರಿಯನ್ ನಾಗರಿಕ ಬಂಧಿಗಳನ್ನೂ ಇಟ್ಟಿದ್ದ ಸ್ಥಳಗಳನ್ನು ಸುತ್ತಿದರು. ತುರ್ಕಿ ಕೈದಿಗಳ ಶಿಬಿರವಿದ್ದ ಬಳ್ಳಾರಿಯೂ ಅವುಗಳಲ್ಲಿ ಒಂದು. ಮಂಗಳೂರು, ಧಾರವಾಡಗಳ ಜನ ಬಲ್ಲ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳು ಆ ವರ್ಷಗಳಲ್ಲಿ ಅಹಮದ್‌ನಗರದ ಶಿಬಿರದಲ್ಲಿ ಬಂಧಿಗಳಾಗಿದ್ದರು. ಬೆಳಗಾವಿಯಲ್ಲಿ ಹೆಂಗಸರು ಮತ್ತು ಮಕ್ಕಳ ಶಿಬಿರವಿತ್ತು. ಇಂಥ ಭೇಟಿಗಳ ವರದಿಗಳನ್ನು ಸಮಿತಿ ಆಗ ಅಚ್ಚು ಹಾಕಿಸಿ ಬಹಿರಂಗವಾಗಿ ಪ್ರಕಟಿಸುತ್ತಿತ್ತು. ಒಂದು ದೇಶದ ಶಿಬಿರ ಹೀಗಿದೆ ಎಂದು ಎಲ್ಲರೂ ಓದಿದರೆ ಎದುರು ಪಕ್ಷದವರು ಸೇಡಿಗೆ ಇಳಿಯದೆ ತಮ್ಮ ಶಿಬಿರವನ್ನೂ ಸುಧಾರಿಸುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಮುಂದೆ ಈ ನೀತಿ ಹೇಗೆ ಬದಲಾಯಿತೆಂಬುದು ಇದೇ ಕಥೆಯ ಮುಖ್ಯ ತಿರುವು.

ಪೂರ್ವ ರಣರಂಗದ ಕೈದಿಗಳ ಮಾಹಿತಿಯ ಕೆಲಸವನ್ನು ಕೋಪನ್‌ಹೇಗನ್ನಿನಲ್ಲಿ ಡೇನಿಷ್ ರೆಡ್‌ಕ್ರಾಸ್ ವಹಿಸಿಕೊಂಡಿತ್ತು. ಯುದ್ಧ ಮುಗಿಯುವಷ್ಟರಲ್ಲಿ ಜಿನೀವಾದ ಪೆಟ್ಟಿಗೆಗಳಲ್ಲಿ ಸುಮಾರು 70 ಲಕ್ಷ ಕಾರ್ಡುಗಳು ಸೇರಿದ್ದವು. ಇಪ್ಪತ್ತು ಲಕ್ಷ ಜನರ ಗತಿ ಅವುಗಳಲ್ಲಿ ದಾಖಲಾಗಿತ್ತು. 1914ರಿಂದ 1918ರವರೆಗಿನ ಯುದ್ಧವರ್ಷಗಳಲ್ಲಿ ಕೊಡಮಾಡಿದ ಒಂದೇ ಒಂದು ನೊಬೆಲ್ ಶಾಂತಿ ಪ್ರಶಸ್ತಿ, 1917ರದು, ಸಮಿತಿಗೆ ಸಂದಿತು. 1920ರಲ್ಲಿ ಶಾಸನದ ಮೂಲಕ ಭಾರತೀಯ ರೆಡ್‌ಕ್ರಾಸ್ ಸೊಸೈಟಿ ಸ್ಥಾಪನೆಯಾದಾಗ ಈ ಜಾಲದ ಒಂದು ತುದಿ ಭಾರತದಲ್ಲಿಯೂ ಊರಿದಂತಾಯಿತು. 1929ರ ಜಿನೀವಾ ಒಪ್ಪಂದ, ತಟಸ್ಥ ದೇಶವೊಂದರಲ್ಲಿ ಯುದ್ಧಕೈದಿಗಳ ಕೇಂದ್ರೀಯ ಮಾಹಿತಿ ಏಜೆನ್ಸಿಯನ್ನು ತೆರೆಯಲು ಪ್ರಸ್ತಾವಿಸುವ ಅಧಿಕಾರವನ್ನು ಸಮಿತಿಗೆ ಲಿಖಿತವಾಗಿ ನೀಡಿತು.

ಎರಡನೆಯ ಮಹಾಯುದ್ಧದಲ್ಲಿ ಗಾತ್ರವೇ ಬದಲಾಯಿತು. ಕಾರ್ಡುಗಳ ಸಂಖ್ಯೆ 3 ಕೋಟಿ 60 ಲಕ್ಷದ ಆಸುಪಾಸಿಗೆ ಬೆಳೆಯಿತು. ಐಬಿಎಂ ಕಂಪನಿ ಬಳಕೆಗೆ ಕೊಟ್ಟ ಹಾಲೆರಿತ್ ಯಂತ್ರಗಳು, ಅಂದರೆ ತೂತು ಕೊರೆದ ಕಾರ್ಡುಗಳನ್ನು ಓದಿ ವಿಂಗಡಿಸುವ ವಿದ್ಯುತ್ ಯಂತ್ರಗಳು, ಕೈಯಿಂದ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ವಿಂಗಡಣೆಯನ್ನು ಬೇಗ ಮುಗಿಸತೊಡಗಿದವು. ಸೆರೆ ಸಿಕ್ಕವನೇ ತನ್ನ ವಿವರಗಳನ್ನು ತುಂಬಿ ನೇರವಾಗಿ ಜಿನೀವಾಕ್ಕೆ ಕಳಿಸುವ ಸೆರೆಯ ಕಾರ್ಡು ಬಳಕೆಗೆ ಬಂದಿತು. ಸರ್ಕಾರದ ಪಟ್ಟಿಗಾಗಿ ಕಾಯುವ ಅಗತ್ಯವನ್ನು ಅದು ತಗ್ಗಿಸಿತು. ಯುದ್ಧರೇಖೆಯ ಎರಡು ಬದಿಗಳಲ್ಲಿ ಹರಿದು ಹಂಚಿಹೋದ ನಾಗರಿಕ ಕುಟುಂಬಗಳಿಗಾಗಿ ಇಪ್ಪತ್ತೈದು ಪದಗಳ ಸಂದೇಶದ ನಮೂನೆಯನ್ನು ಬಳಸಲಾಯಿತು: ಮನೆಯ ಕ್ಷೇಮಸಮಾಚಾರವನ್ನಷ್ಟೇ ಬರೆದರೆ ಎರಡೂ ಕಡೆಯ ಸೆನ್ಸಾರ್ ಅಧಿಕಾರಿಗಳು ಅದನ್ನು ಬೇಗ ಓದಿ ಬಿಡುತ್ತಿದ್ದರು, ಅದೇ ಹಾಳೆಯ ಹಿಂಬದಿಯಲ್ಲಿ ಉತ್ತರ ಬರುತ್ತಿತ್ತು. ಮಗು ಹುಟ್ಟಿತು, ಅಜ್ಜಿ ತೀರಿಕೊಂಡಳು, ಎಲ್ಲರೂ ಕ್ಷೇಮ ಎಂಬಂಥ ಇಂಥ ಎರಡು ಕೋಟಿಗೂ ಹೆಚ್ಚು ಸಂದೇಶಗಳು ಜಿನೀವಾದ ಮೂಲಕ ಹಾದುಹೋದವು. ಬೆಂಗಳೂರಿನ ಜಾಲಹಳ್ಳಿಯ ಸುತ್ತಮುತ್ತ ಇದ್ದ ಶಿಬಿರಗಳ ಇಟಾಲಿಯನ್ ಕೈದಿಗಳ ವಿವರಗಳನ್ನು ದಾಖಲಿಸುವುದೂ ಇದೇ ಏಜೆನ್ಸಿಯ ಹೊಣೆಯಾಗಿತ್ತು.

ಆದರೆ ಈ ವರ್ಷಗಳ ದಾಖಲೆಯಲ್ಲಿ ದೊಡ್ಡ ಕತ್ತಲೆಗಳಿವೆ. ಸೋವಿಯತ್ ಒಕ್ಕೂಟ 1929ರ ಒಪ್ಪಂದಕ್ಕೆ ಸೇರಿರಲಿಲ್ಲ. ಪೂರ್ವ ರಣರಂಗದಲ್ಲಿ ಎರಡೂ ಕಡೆ ಸೆರೆಯಾದ ಲಕ್ಷಾಂತರ ಜನರ ಹೆಸರುಗಳು ಜಿನೀವಾಕ್ಕೆ ಬರಲೇ ಇಲ್ಲ. ಅದಕ್ಕಿಂತ ಆಳವಾದ ಗಾಯ ಯೆಹೂದಿಗಳ ಹತ್ಯಾಕಾಂಡಕ್ಕೆ ಸಂಬಂಧಿಸಿದ್ದು. ಗಡೀಪಾರು ಮತ್ತು ಕೊಲೆಗಳ ಸುದ್ದಿ ಸಮಿತಿಯನ್ನು ಮುಟ್ಟಿತ್ತು. ಬಹಿರಂಗ ಮನವಿಯೊಂದರ ಕರಡು ಸಿದ್ಧವಾಗಿ, 1942ರ ಅಕ್ಟೋಬರ್ 14ರ ಸಭೆಯಲ್ಲಿ ಅದು ಚರ್ಚೆಗೆ ಬಂದಿತು. ಹಿಂದೆ ರೆನೆ ಕ್ರಾಮರ್ ಆಗಿದ್ದ ಮಾರ್ಗರಿತ್ ಫ್ರಿಕ್ ಕ್ರಾಮರ್ ಸೇರಿ ಹಲವು ಸದಸ್ಯರು ಅದರ ಪರವಾಗಿದ್ದರು. ಆದರೂ ಮನವಿ ಹೊರಬೀಳಲಿಲ್ಲ. ಯುದ್ಧಕೈದಿಗಳ ಸೇವೆಗೆ ಜರ್ಮನಿ ಅಡ್ಡಿಪಡಿಸೀತು ಎಂಬ ಅಳುಕು ಒಂದು ಕಾರಣ, ಸ್ವಿಸ್ ಸರ್ಕಾರದ ಕಳವಳ ಇನ್ನೊಂದು ಕಾರಣ. ಜ್ಞಾನವಿದ್ದೂ ದನಿಯೆತ್ತದ ಆ ಮೌನವನ್ನು ಸಮಿತಿಯೇ ಮುಂದೆ ತನ್ನ ಇತಿಹಾಸದ ಅತಿ ದೊಡ್ಡ ವೈಫಲ್ಯವೆಂದು ಒಪ್ಪಿಕೊಂಡಿದೆ. ಅದು ತನ್ನ ದಫ್ತರಗಳನ್ನು ಇತಿಹಾಸಕಾರ ಜಾನ್ ಕ್ಲೋದ್ ಫಾವೇ ಅವರಿಗೆ ತೆರೆದುಕೊಟ್ಟ ಫಲವಾಗಿ 1988ರಲ್ಲಿ ಪ್ರಕಟವಾದ ಅಧ್ಯಯನದಿಂದ ಈ ವಿವರಗಳು ಬೆಳಕಿಗೆ ಬಂದವು. 1996ರಲ್ಲಿ ಹಳೆಯ ದಫ್ತರಗಳು ಸಾರ್ವಜನಿಕರಿಗೂ ತೆರೆದವು. ಕಾರ್ಡಿನ ಮೇಲೆ ಒಂದು ಹೆಸರನ್ನು ಅಷ್ಟು ಜತನದಿಂದ ಬರೆದಿಟ್ಟ ಸಂಸ್ಥೆಯಲ್ಲಿ, ಪಟ್ಟಿಯೇ ಬಾರದಂತೆ ಕೊಲ್ಲಲಾದವರಿಗೆ ಸ್ಥಾನ ಸಿಗಲಿಲ್ಲ ಎಂಬ ಸಂಗತಿಯನ್ನು ಯಾವ ಸ್ಮರಣ ಸಂಚಿಕೆಯೂ ಮರೆಮಾಚಬಾರದು.

1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ ಯುದ್ಧಕಾಲದ ಅನುಭವ ಕಾನೂನಾಗಿ ಇಳಿಯಿತು: ಮೂರನೆಯ ಒಪ್ಪಂದದ 70ನೇ ವಿಧಿ ಸೆರೆಯ ಕಾರ್ಡನ್ನು ಕೈದಿಯ ಹಕ್ಕನ್ನಾಗಿ ಮಾಡಿತು, 122 ಮತ್ತು 123ನೇ ವಿಧಿಗಳು ದೇಶಗಳ ಮಾಹಿತಿ ಕಚೇರಿ ಮತ್ತು ಕೇಂದ್ರೀಯ ಏಜೆನ್ಸಿಗಳ ಸಂಬಂಧವನ್ನು ನಿಗದಿಪಡಿಸಿದವು, ನಾಲ್ಕನೆಯ ಒಪ್ಪಂದದ 25ನೇ ವಿಧಿಯಲ್ಲಿ ಆ ಇಪ್ಪತ್ತೈದು ಪದಗಳ ನಮೂನೆಯೂ ಸೇರಿಕೊಂಡಿತು. ಮೇಜಿನ ಮೇಲೆ ಗುಮಾಸ್ತರು ಕಂಡುಕೊಂಡ ಉಪಾಯವೊಂದು ಜಗತ್ತಿನ ಒಪ್ಪಂದದ ವಿಧಿಯಾಗುವುದು ಕಚೇರಿಗಳ ಇತಿಹಾಸದಲ್ಲಿ ವಿರಳ.

ಇದೇ ಅವಧಿಯಲ್ಲಿ ಶಿಬಿರಗಳ ವರದಿಯನ್ನು ಪ್ರಕಟಿಸುವ ಹಳೆಯ ನೀತಿ ಕೈಬಿಟ್ಟುಹೋಗಿ, ವರದಿಯನ್ನು ಬಂಧಿಸಿಟ್ಟ ಸರ್ಕಾರದ ಕೈಗೆ ಮಾತ್ರ ಗೋಪ್ಯವಾಗಿ ಒಪ್ಪಿಸುವ ಕ್ರಮ ನೆಲೆಯೂರಿತು. ಕಾರಣ ಸರಳವಾದದ್ದು: ಅಂತರ್ಯುದ್ಧಗಳಲ್ಲಿ ಮತ್ತು ವಸಾಹತುಗಳ ದಂಗೆಗಳಲ್ಲಿ ಜೈಲಿನೊಳಗೆ ಹೋಗಲು ಸಮಿತಿಗೆ ಒಪ್ಪಂದದ ಹಕ್ಕಿರಲಿಲ್ಲ, ಒಳಗೆ ಬಿಟ್ಟುಕೊಳ್ಳುವುದು ಸರ್ಕಾರದ ಮರ್ಜಿಯಾಗಿತ್ತು. ಆಲ್ಜೀರಿಯಾದ ಬಂಧಿಗಳ ಸ್ಥಿತಿಯ ಕುರಿತ ಸಮಿತಿಯ ವರದಿಯ ಭಾಗಗಳನ್ನು 1960ರ ಜನವರಿಯಲ್ಲಿ ಪ್ಯಾರಿಸ್ಸಿನ ಲ ಮೊಂದ್ ಪತ್ರಿಕೆ ಪ್ರಕಟಿಸಿದಾಗ ಹಿಂಸೆಯ ಸತ್ಯ ಫ್ರಾನ್ಸಿನ ಜನರಿಗೆ ತಿಳಿಯಿತು, ಆದರೆ ಸಮಿತಿಯ ಭೇಟಿಗಳಿಗೆ ಕೆಲಕಾಲ ತಡೆಬಿದ್ದಿತು. ಜಗತ್ತಿಗೆ ಹೇಳಿದರೆ ಬಂಧಿಯ ಬಳಿ ಹೋಗುವ ಬಾಗಿಲು ಮುಚ್ಚುತ್ತದೆ, ಹೇಳದಿದ್ದರೆ 1942ರ ನೆನಪು ಕಾಡುತ್ತದೆ. ಈ ಇಕ್ಕಟ್ಟಿಗೆ ಸಂಸ್ಥೆ ಇಂದಿಗೂ ಪೂರ್ಣ ಪರಿಹಾರ ಕಂಡಿಲ್ಲ. ಸಿಬ್ಬಂದಿಯ ಮಟ್ಟದಲ್ಲಿಯೂ ಇದರ ಪರಿಣಾಮವಿದೆ. ಒಬ್ಬ ಪ್ರತಿನಿಧಿ ಒಂದು ದೇಶದ ಜೈಲಿನಲ್ಲಿ ಕಲಿತ ಪಾಠ ಮತ್ತೊಂದು ದೇಶದಲ್ಲಿರುವ ಸಹೋದ್ಯೋಗಿಗೆ ತಿಳಿಯಬೇಕು, ಆದರೆ ಬಂಧಿ ಅವನ ಕಿವಿಯಲ್ಲಿ ಹೇಳಿದ ಮಾತು ಆ ಕೋಣೆಯಿಂದ ಆಚೆ ಹೋಗಬಾರದು. ವಿಧಾನದ ಜ್ಞಾನವನ್ನು ಹಂಚಬೇಕು, ವ್ಯಕ್ತಿಯ ಸುದ್ದಿಯನ್ನು ಕಾಯಬೇಕು ಎಂಬ ಗೆರೆಯನ್ನು ಅಲ್ಲಿ ಎಳೆಯಲಾಗಿದೆ.

1960ರಲ್ಲಿ ಏಜೆನ್ಸಿಗೆ ಕೇಂದ್ರೀಯ ಶೋಧ ಏಜೆನ್ಸಿ ಎಂಬ ಹೆಸರು ಬಂದಿತು. 1971ರ ಯುದ್ಧದ ನಂತರ ಭಾರತದ ವಶದಲ್ಲಿದ್ದ ತೊಂಬತ್ತು ಸಾವಿರಕ್ಕೂ ಹೆಚ್ಚು ಪಾಕಿಸ್ತಾನಿ ಕೈದಿಗಳು ಮತ್ತು ಬಂಧಿಗಳ ಶಿಬಿರಗಳಿಗೆ ಸಮಿತಿಯ ಪ್ರತಿನಿಧಿಗಳು ಭೇಟಿಕೊಟ್ಟು ಪತ್ರಗಳನ್ನು ಸಾಗಿಸಿದರು. 1973ರ ದೆಹಲಿ ಒಪ್ಪಂದ ಅವರ ವಾಪಸಾತಿಗೆ ದಾರಿಮಾಡಿತು. 1994ರ ನರಮೇಧದ ನಂತರ ರುವಾಂಡಾದಲ್ಲಿ ತಮ್ಮ ಹೆಸರನ್ನೂ ಸರಿಯಾಗಿ ಹೇಳಲಾರದ ಎಳೆಯ ಮಕ್ಕಳ ಭಾವಚಿತ್ರಗಳನ್ನು ಪ್ರದರ್ಶಿಸಿ ಬಂಧುಗಳನ್ನು ಹುಡುಕಬೇಕಾಯಿತು. ಮೊದಲ ಮಹಾಯುದ್ಧದ ಏಜೆನ್ಸಿಯ ದಾಖಲೆಗಳು 2007ರಲ್ಲಿ ಯುನೆಸ್ಕೊದ ವಿಶ್ವಸ್ಮೃತಿ ಪಟ್ಟಿಗೆ ಸೇರಿ, 2014ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದುಕೊಂಡವು. ನೂರು ವರ್ಷ ಹಿಂದಿನ ಆ ಕಾರ್ಡುಗಳಲ್ಲಿ ಮುತ್ತಜ್ಜನ ಹೆಸರನ್ನು ಹುಡುಕುವವರಿಗೆ ಪಟ್ಟಿಯ ಪುಟ ತೋರಿಸುವ ಸಂಕೇತ ಈಗಲೂ ದಾರಿ ತೋರಿಸುತ್ತದೆ.

ಹಳೆಯ ಕಾರ್ಡುಗಳನ್ನು ಬಯಲಿಗೆ ಇಡುವುದು ಸುಲಭ, ಬದುಕಿರುವವರ ವಿವರಗಳ ಮಾತು ಬೇರೆ. 2022ರ ಜನವರಿ 18ರಂದು, ಸಮಿತಿಯ ಸರ್ವರುಗಳಿಗೆ ಹಿಂದಿನ ನವೆಂಬರಿನಲ್ಲಿಯೇ ಅಜ್ಞಾತರು ನುಗ್ಗಿದ್ದುದು ಪತ್ತೆಯಾಯಿತು. ಜಗತ್ತಿನ 60 ರೆಡ್‌ಕ್ರಾಸ್ ಮತ್ತು ರೆಡ್‌ಕ್ರೆಸೆಂಟ್ ಸಂಘಗಳು ಸಂಗ್ರಹಿಸಿದ್ದ, ಕುಟುಂಬದಿಂದ ಅಗಲಿದವರು, ಕಾಣೆಯಾದವರು ಮತ್ತು ಬಂಧನದಲ್ಲಿರುವವರು ಸೇರಿದಂತೆ 5,15,000ಕ್ಕೂ ಹೆಚ್ಚು ಜನರ ವಿವರಗಳು ಪರರ ಕೈಗೆ ಸಿಕ್ಕಿದ್ದವು. ಸಮಿತಿ ಮರುದಿನವೇ ಅದನ್ನು ಬಹಿರಂಗವಾಗಿ ತಿಳಿಸಿತು. ದಿನಕ್ಕೆ ಸರಾಸರಿ ಹನ್ನೆರಡು ಮಂದಿಯನ್ನು ಅವರ ಮನೆಯವರೊಂದಿಗೆ ಸೇರಿಸುತ್ತಿದ್ದ ವ್ಯವಸ್ಥೆಯನ್ನು ಸ್ಥಗಿತಗೊಳಿಸಬೇಕಾಯಿತು, ಮತ್ತು ತುರ್ತಿನ ಕೆಲಸವನ್ನು ಸಿಬ್ಬಂದಿ ಸರಳ ಕೋಷ್ಟಕಗಳ ನೆರವಿನಿಂದ ಮುಂದುವರಿಸಿದರು. ಒಂದು ದೇಶದ ಸಂಘ ಕೇಳಿದ್ದಕ್ಕೆ ಮತ್ತೊಂದು ದೇಶದ ಸಂಘ ಉತ್ತರ ಹುಡುಕಲು ಅನುಕೂಲವಾಗಲೆಂದು ಒಂದೇ ಕಡೆ ಕೂಡಿಸಿದ್ದ ಮಾಹಿತಿ, ಕೂಡಿಸಿದ್ದ ಕಾರಣಕ್ಕೇ ಒಂದೇ ಏಟಿಗೆ ಬಯಲಾಯಿತು. ಮರದ ಪೆಟ್ಟಿಗೆಯ ಎಪ್ಪತ್ತು ಲಕ್ಷ ಕಾರ್ಡುಗಳನ್ನು ಒಂದು ರಾತ್ರಿಯಲ್ಲಿ ಯಾರಿಂದಲೂ ಹೊತ್ತೊಯ್ಯಲಾಗುತ್ತಿರಲಿಲ್ಲ. ಆನಂತರ ಸಮಿತಿ ಲಕ್ಸಂಬರ್ಗಿನಲ್ಲಿ ಸೈಬರ್ ವಲಯಕ್ಕೆಂದೇ ಪ್ರತ್ಯೇಕ ನಿಯೋಗವನ್ನು ತೆರೆದಿದೆ, ಮತ್ತು ಆಸ್ಪತ್ರೆ ಹಾಗೂ ನೆರವು ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆಗಳನ್ನು ರಕ್ಷಿತವೆಂದು ಗುರುತಿಸಬಲ್ಲ ಡಿಜಿಟಲ್ ಲಾಂಛನದ ವಿನ್ಯಾಸದಲ್ಲಿ ತೊಡಗಿದೆ.

ಆ ಸೈಬರ್ ದಾಳಿ ಪತ್ತೆಯಾಗಿ ಎರಡು ತಿಂಗಳು ತುಂಬುವ ಹೊತ್ತಿಗೆ, 2022ರ ಮಾರ್ಚ್‌ನಲ್ಲಿ, ರಷ್ಯಾ ಮತ್ತು ಉಕ್ರೇನ್ ಯುದ್ಧಕ್ಕಾಗಿ ಕೇಂದ್ರೀಯ ಶೋಧ ಏಜೆನ್ಸಿಯ ಹೊಸ ವಿಭಾಗವನ್ನು ಜಿನೀವಾದಲ್ಲಿ ತೆರೆಯಬೇಕಾಯಿತು. ಎರಡೂ ದೇಶಗಳ ಮಾಹಿತಿ ಕಚೇರಿಗಳಿಂದ ಪಟ್ಟಿ ತರಿಸಿಕೊಳ್ಳುವುದು, ಮನೆಯವರ ವಿಚಾರಣೆಯ ಜೊತೆ ಅದನ್ನು ತಾಳೆ ನೋಡುವುದು, ತಾಳೆಯಾದಾಗ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಎರಡೂ ಕಡೆಗಳಲ್ಲಿ ಉತ್ತರಕ್ಕಾಗಿ ಕಾಯುತ್ತಿರುವ ಕುಟುಂಬಗಳ ಸಂಖ್ಯೆ ಅಂದಿನಿಂದ ಬೆಳೆಯುತ್ತಲೇ ಇದೆ.